ಸೇವೆಗೆ ಹೊರಡುವ ಮುನ್ನ

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಸಭಾಪಾಲಕರ ಮನೆಗೆ ಬರುವ ಯುವಕ ಯುವತಿಯರಲ್ಲಿ ಕೆಲವರು ಒಂದು ಶಿಫಾರಸು ಪತ್ರವನ್ನು ಕೇಳಿಕೊಂಡು ಬಂದಿರುತ್ತಾರೆ. ದೈವಶಾಸ್ತ್ರದ ಕಾಲೇಜಿಗೋ, ಸುವಾರ್ತಾ ಸೇವೆಗೆ ತರಬೇತಿ ನೀಡುವ ಬೈಬಲ್ ಶಾಲೆಗೋ ಸೇರಬೇಕೆಂಬುದು ಅವರ ಬಯಕೆ. ಪತ್ರವನ್ನು ಬರೆದುಕೊಡುವುದು ಹತ್ತು ನಿಮಿಷದ ಕೆಲಸ. ಆದರೆ ಅದರ ಹಿಂದಿರುವ ಪ್ರಶ್ನೆಯನ್ನು ಕುರಿತು ನಾವು ಸಭೆಗಳಲ್ಲಿ ಮನಬಿಚ್ಚಿ ಮಾತನಾಡುವುದು ಬಹಳ ಕಡಿಮೆ. ಒಬ್ಬನು ತನ್ನ ಬಾಳನ್ನು ಪೂರ್ಣಾವಧಿ ಸೇವೆಗೆ ಒಪ್ಪಿಸಲು ಹೊರಟಾಗ, ಅದು ದೇವರ ಕರೆಯೆಂದು ಅವನಿಗೆ ತಿಳಿಯುವುದು ಹೇಗೆ? ತಿಳಿಯಿತೆಂದು ಅವನು ಹೇಳಿದ ಮಾತ್ರಕ್ಕೆ ಅವನು ಹೊರಡುವುದು ಸರಿಯಾಗಿಬಿಡುತ್ತದೆಯೇ?

ವಾಚಕರೇ, ಈ ವಿಷಯವನ್ನು ಗಾಳಿಯಲ್ಲಿ ಚರ್ಚಿಸುವ ಬದಲು ಒಂದು ನೆಲದ ಮೇಲಿಟ್ಟು ನೋಡೋಣ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ, ಕುಪ್ಪಳ್ಳಿಯ ಸುತ್ತಲಿನ ಯಾವುದಾದರೊಂದು ಹಳ್ಳಿಯಲ್ಲಿ, ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿರಿ. ಹಳ್ಳಿಗೆಲ್ಲ ಅವರದೊಂದೇ ಕ್ರೈಸ್ತ ಮನೆ. ತಂದೆ ಅಡಿಕೆ ತೋಟಗಳಲ್ಲಿ ಕೊನೆ ತೆಗೆಯುವವರು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಜಾರುವ ಅವೇ ಮರಗಳನ್ನು ಹತ್ತುವವರು. ವಯಸ್ಸು ಐವತ್ತು ದಾಟಿತು, ಮೊಣಕಾಲು ಮೊದಲಿನಂತಿಲ್ಲ. ತಾಯಿ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಮದುವೆಗೆ ಬಂದ ತಂಗಿಯೊಬ್ಬಳಿದ್ದಾಳೆ. ಯುವಕನು ಬಿ.ಎ. ಮುಗಿಸಿದ್ದಾನೆ. ಅವನು ಕೂಸಾಗಿದ್ದಾಗ ಜ್ವರ ಬಂದು ಬದುಕುವ ಆಸೆಯೇ ಇಲ್ಲದಾಗ, ಮಗು ಉಳಿದರೆ ದೇವರ ಸೇವೆಗೇ ಕೊಡುವೆನೆಂದು ತಾಯಿ ಹರಕೆ ಹೊತ್ತಿದ್ದರು. ಕಳೆದ ವರ್ಷ ಶಿವಮೊಗ್ಗೆಯಲ್ಲಿ ನಡೆದ ಕೂಟವೊಂದರ ಕೊನೆಯ ರಾತ್ರಿ, ಸೇವೆಗೆ ಸಮರ್ಪಿಸಿಕೊಳ್ಳುವವರು ಎದ್ದು ನಿಲ್ಲಿರಿ ಎಂದು ಬೋಧಕರು ಕರೆದಾಗ, ಅವನು ಅಳುತ್ತಾ ಎದ್ದು ನಿಂತನು. ಈಗ ಅವನ ಮುಂದೆ ಎರಡು ಅರ್ಜಿಗಳಿವೆ. ಒಂದು ಬಿ.ಎಡ್. ತರಗತಿಗೆ, ಇನ್ನೊಂದು ಬೈಬಲ್ ಶಾಲೆಗೆ.

ಇಂಥವರು ನಮ್ಮ ಸಭೆಗಳಲ್ಲಿ ಅಪರೂಪವಲ್ಲ. ಸಾಗರದಲ್ಲಾಗಲಿ ಹೊಸನಗರದಲ್ಲಾಗಲಿ ನಿಮಗೆ ಪರಿಚಯವಿರುವ ಒಬ್ಬ ಹುಡುಗನ ಅಥವಾ ಹುಡುಗಿಯ ಮುಖ ಈಗಾಗಲೇ ನಿಮ್ಮ ಕಣ್ಣ ಮುಂದೆ ಬಂದಿರಬಹುದು.

ಮೊದಲು ಹರಕೆಯ ಮಾತನ್ನು ತೆಗೆದುಕೊಳ್ಳೋಣ. ನಮ್ಮ ಸಭೆಗಳಲ್ಲಿ ಇದಕ್ಕಿರುವ ಬಲ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ತಾಯಿಯ ಕಣ್ಣೀರಿನ ಮಾತನ್ನು ಮಗನು ಮೀರಿದರೆ ಮುಂದೆ ಬರುವ ಪ್ರತಿಯೊಂದು ಕಾಯಿಲೆಗೂ, ಪ್ರತಿಯೊಂದು ನಷ್ಟಕ್ಕೂ ಅದೇ ಕಾರಣವೆಂದು ಮನೆಯಲ್ಲಿ ಪಿಸುಮಾತು ಹುಟ್ಟುತ್ತದೆ. ಹೀಗೆ ಹರಕೆ ಹೊತ್ತ ತಾಯಂದಿರೆಲ್ಲರೂ ಹನ್ನಳನ್ನು ನೆನೆಯುತ್ತಾರೆ. ಅವಳು ಮಗನಿಗಾಗಿ ಬೇಡಿಕೊಂಡಳು, ಹುಟ್ಟಿದವನನ್ನು ದೇವರಿಗೆ ಕೊಡುವೆನೆಂದಳು, ಮೊಲೆ ಬಿಡಿಸಿದ ಮೇಲೆ ಶಿಲೋವಿನ ಆಲಯಕ್ಕೆ ಕರೆತಂದು ಬಿಟ್ಟಳು. ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ 1 ಸಮುವೇಲನ ಪುಸ್ತಕದ ಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಆಲಯದಲ್ಲಿಯೇ ಬೆಳೆದ, ಏಲಿಯ ಕೈಕೆಳಗೆ ಸೇವೆ ಮಾಡುತ್ತಿದ್ದ, ನಾರಿನ ಏಫೋದನ್ನು ಉಟ್ಟಿದ್ದ ಆ ಹುಡುಗನಿಗೆ ಇನ್ನೂ ದೇವರ ಪರಿಚಯ ಆಗಿರಲಿಲ್ಲವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ತಾಯಿಯ ಹರಕೆ ಅವನನ್ನು ಆಲಯದ ಒಳಕ್ಕೆ ತಂದಿತ್ತು. ಕರೆ ಬಂದದ್ದು ಬೇರೆಯಾಗಿ, ಒಂದು ರಾತ್ರಿ, ಅವನ ಸ್ವಂತ ಹೆಸರು ಹಿಡಿದು. ಅದು ಬಂದಾಗಲೂ ಅವನಿಗೆ ಗುರುತು ಸಿಗಲಿಲ್ಲ. ಮೂರು ಸಲ ಏಲಿಯ ಹತ್ತಿರ ಓಡಿದನು. ಅದು ಯಾರ ಧ್ವನಿಯೆಂದು ತಿಳಿಸಿಕೊಡಲು ಕಣ್ಣು ಮಬ್ಬಾದ ಒಬ್ಬ ಮುದುಕನು ಬೇಕಾಯಿತು.

ಇನ್ನೊಂದು ಹರಕೆಯೂ ಸತ್ಯವೇದದಲ್ಲಿದೆ. ಅದನ್ನು ಕುರಿತು ಪ್ರಸಂಗ ಮಾಡುವವರು ವಿರಳ. ನ್ಯಾಯಸ್ಥಾಪಕನಾದ ಯೆಪ್ತಾಹನು ಯುದ್ಧದಲ್ಲಿ ಜಯ ಸಿಕ್ಕಿದರೆ ಮನೆಯ ಬಾಗಿಲಿನಿಂದ ತನ್ನನ್ನು ಎದುರುಗೊಳ್ಳಲು ಬರುವುದನ್ನು ಅರ್ಪಿಸುವೆನೆಂದನು. ಬಂದವಳು ಅವನ ಒಬ್ಬಳೇ ಮಗಳು. ಮಾತು ಕೊಟ್ಟವನು ತಂದೆ, ಬೆಲೆ ತೆತ್ತವಳು ಮಗಳು. ಅರಣ್ಯಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ ಹರಕೆಗಳ ನಿಯಮವನ್ನು ನೋಡಿದರೆ, ಹರಕೆ ಮಾಡಿಕೊಂಡವನನ್ನು ಅದು ಕಟ್ಟುತ್ತದೆಂದು ಕಾಣುತ್ತದೆ. ಮಗಳು ಆಡಿದ ಹರಕೆಯನ್ನು ಕೇಳಿದ ದಿನವೇ ರದ್ದುಮಾಡುವ ಅಧಿಕಾರ ತಂದೆಗಿತ್ತು. ಹೆತ್ತವರ ಹರಕೆ ಬೆಳೆದ ಮಗನ ಮನಸ್ಸಾಕ್ಷಿಯನ್ನು ಕಟ್ಟುತ್ತದೆಂಬ ಮಾತು ಮಾತ್ರ ಆ ಅಧ್ಯಾಯದಲ್ಲಿಲ್ಲ.

ಆದುದರಿಂದ ನಮ್ಮ ಯುವಕನಿಗೆ ಧೈರ್ಯವಾಗಿ ಹೇಳಬಹುದಾದ ಮಾತೊಂದಿದೆ. ತಾಯಿಯ ಹರಕೆ ತಾಯಿಯ ಪ್ರಾರ್ಥನೆ. ಅದನ್ನು ಗೌರವಿಸಬೇಕು, ಅದರ ಹಿಂದಿದ್ದ ಆ ರಾತ್ರಿಯ ಭಯವನ್ನು ಅರಿಯಬೇಕು. ಆದರೆ ಅರ್ಜಿಯಲ್ಲಿ ನಿನಗೆ ಕರೆ ಹೇಗೆ ಬಂದಿತೆಂದು ಕೇಳಿರುವ ಕಡೆ ಅದನ್ನು ಉತ್ತರವಾಗಿ ಬರೆಯಲಾಗದು.

ಕೂಟದ ಕೊನೆಯ ರಾತ್ರಿಯ ಕಣ್ಣೀರು? ಅದನ್ನು ಹಗುರವಾಗಿ ಕಾಣುವವರ ಸಾಲಿಗೆ ನಾನು ಸೇರಿದವನಲ್ಲ. ಮನುಷ್ಯನು ಎಷ್ಟೋ ಸತ್ಯಗಳನ್ನು ಮೊದಲು ಕಣ್ಣೀರಿನಲ್ಲಿಯೇ ಕಾಣುತ್ತಾನೆ. ಆದರೆ ಗೆರಸೇನರ ಸೀಮೆಯಲ್ಲಿ ನಡೆದದ್ದನ್ನು ಮರೆಯದಿರೋಣ. ಸಮಾಧಿಗಳ ನಡುವೆ ಸಂಕೋಲೆ ಹರಿದುಕೊಂಡು ಕೂಗುತ್ತಿದ್ದವನು ಸ್ವಸ್ಥನಾದ ಮೇಲೆ, ದೋಣಿ ಹತ್ತುತ್ತಿದ್ದ ಯೇಸುವನ್ನು ತನ್ನನ್ನೂ ಜೊತೆಗೆ ಕರೆದುಕೊಳ್ಳಬೇಕೆಂದು ಬೇಡಿದನು. ಅವನಿಗಿಂತ ಹೆಚ್ಚು ಕಾರಣವಿದ್ದ ಶಿಷ್ಯನು ಯಾರು? ಆದರೂ ಕರ್ತನು ಒಪ್ಪಲಿಲ್ಲ. ಮನೆಗೆ, ತನ್ನವರ ಬಳಿಗೆ ಹೋಗೆಂದು ಕಳುಹಿಸಿಬಿಟ್ಟನು. ಅವನ ಉತ್ಸಾಹ ನಿಜವಾದದ್ದು, ಕೃತಜ್ಞತೆಯೂ ನಿಜವಾದದ್ದು. ದೋಣಿಯಲ್ಲಿ ಮಾತ್ರ ಅವನಿಗೆ ಸ್ಥಳವಿರಲಿಲ್ಲ. ಅವನ ಕೆಲಸ ದೆಕಪೊಲಿಯ ಊರುಗಳಲ್ಲಿತ್ತು.

ಇದಕ್ಕೆ ಹೋಲುವ ಒಂದು ನಿದರ್ಶನವನ್ನು ಕುಪ್ಪಳ್ಳಿಯ ನೆಲದಿಂದಲೇ ಕೊಡಬಹುದು. ಅದು ನಮ್ಮ ಸಭೆಯ ಹೊರಗಿನದಾದರೂ ಚಿಂತೆಯಿಲ್ಲ. ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗಲೇ ಮೈಸೂರಿನ ಶ್ರೀ ರಾಮಕೃಷ್ಣಾಶ್ರಮವನ್ನು ಸೇರಿ ಸುಮಾರು ಒಂದು ದಶಕ ಅಲ್ಲಿಯೇ ವಾಸಮಾಡಿದರು. ರಾಮಕೃಷ್ಣ ಮಹಾಸಂಘದ ಅಧ್ಯಕ್ಷರಾಗಿದ್ದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಆ ವಾತಾವರಣದಲ್ಲಿ ಕಾವಿ ಉಡುವುದೇ ಮುಂದಿನ ಸಹಜ ಹೆಜ್ಜೆಯೆಂದು ನೋಡುವವರಿಗೆ ಅನಿಸಿರಲೂಬಹುದು. ಅವರು ಆ ಹೆಜ್ಜೆಯನ್ನಿಡಲಿಲ್ಲ. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು, 1937ರಲ್ಲಿ ಗೃಹಸ್ಥರಾದರು. ಗುರುವಿನ ಮೇಲಣ ಭಕ್ತಿ ಅದರಿಂದ ಕುಂದಲಿಲ್ಲ. ಧಾರ್ಮಿಕ ತೀವ್ರತೆಯಿರುವವನು ಧಾರ್ಮಿಕ ಪದವಿಯನ್ನೇ ಹಿಡಿಯಬೇಕೆಂದು ನಾವು ಏಕೆ ಭಾವಿಸುತ್ತೇವೆ? ಚುರುಕಾದ, ಪ್ರಾರ್ಥನೆಯಲ್ಲಿ ಆಸಕ್ತಿಯಿರುವ ಹುಡುಗನನ್ನು ಕಂಡ ಕೂಡಲೇ ಸಭಾ ಹಿರಿಯರು ಅಯ್ಯನವರಾಗುತ್ತೀಯಾ ಎಂದು ಕೇಳುತ್ತಾರೆ. ಅವನು ಒಳ್ಳೆಯ ಶಾಲಾ ಶಿಕ್ಷಕನಾಗಬಹುದೆಂದು, ದಾದಿಯ ಕೆಲಸ ಹಿಡಿಯಬಹುದೆಂದು, ಅಲ್ಲಿಯೂ ದೇವರು ಕರೆಯಬಹುದೆಂದು ಹೇಳುವವರು ಎಷ್ಟು ಮಂದಿ?

ಇನ್ನು ಹೆತ್ತವರ ವಿಷಯ. ಇಲ್ಲಿ ಸತ್ಯವೇದ ನಮ್ಮನ್ನು ಎರಡು ಕಡೆಗೆ ಎಳೆಯುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ತಂದೆಯನ್ನು ಹೂಣಿಟ್ಟು ಬರುವೆನೆಂದವನಿಗೆ ಯೇಸು ಕೊಟ್ಟ ಉತ್ತರ ಕಠಿಣವಾದದ್ದು. ಆದರೆ ಅದೇ ಯೇಸು, ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ಕೊರ್ಬಾನ್ ಎಂದು ಹೆಸರಿಟ್ಟು ದೇವರ ಪಾಲಿಗೆ ಬರೆದುಬಿಟ್ಟು ಕೈತೊಳೆದುಕೊಳ್ಳುತ್ತಿದ್ದವರನ್ನು ಇನ್ನೂ ಕಠಿಣವಾಗಿ ಖಂಡಿಸಿದ್ದಾನೆ. ಮೊದಲನೆಯ ವಾಕ್ಯವನ್ನು ನಮ್ಮ ಕೂಟಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮಾರ್ಕನ ಏಳನೆಯ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ಓದುವುದು ಕಡಿಮೆ. ಮೊಣಕಾಲು ನೋಯುವ ತಂದೆ ಇನ್ನೂ ನಾಲ್ಕೈದು ವರ್ಷ ಮರ ಹತ್ತಬೇಕಾದೀತು ಎಂಬುದು ನಮ್ಮ ಯುವಕನ ನಿರ್ಧಾರದ ಒಳಗೇ ಇರುವ ಸಂಗತಿ. ಸೆರಾಂಪುರದ ವ್ಯವಸ್ಥೆಯಲ್ಲಿ ಪದವೀಧರನಿಗೂ ಬಿ.ಡಿ. ವ್ಯಾಸಂಗಕ್ಕೆ ನಾಲ್ಕು ವರ್ಷ ಬೇಕು. ಆ ನಾಲ್ಕು ವರ್ಷಗಳ ಬೆಲೆಯನ್ನು ಯಾರು ತೆರುತ್ತಾರೆಂದು ಅವನು ಕೇಳಿಕೊಳ್ಳಬೇಕು. ಅವನಿಗಿಂತ ಮೊದಲು ಸಭೆ ಕೇಳಿಕೊಳ್ಳಬೇಕು. ವಿದ್ಯಾರ್ಥಿಯ ಶುಲ್ಕವನ್ನು ಭರಿಸುವ ಸಭೆ ಅವನ ಮನೆಯ ಅಕ್ಕಿಯ ವಿಚಾರವನ್ನೂ ಕೇಳಿದರೆ ತಪ್ಪೇನು?

ಹಾಗೆಂದು ಮನೆಯವರ ನೋವೇ ಕೊನೆಯ ಮಾತಾಗಬೇಕೇ? ಆನಂದರಾವ್ ಕೌಂಡಿನ್ಯರ ಜೀವನ ಈ ಪ್ರಶ್ನೆಯನ್ನು ಸುಲಭವಾಗಿ ಬಿಡುವುದಿಲ್ಲ. ಮಂಗಳೂರಿನ ಬ್ರಾಹ್ಮಣ ಮನೆತನದ ಈ ತರುಣ 1844ರಲ್ಲಿ ಹೆರ್ಮನ್ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮುಂದೆ ಅವರು ಸ್ವಿಟ್ಸರ್‌ಲೆಂಡಿನ ಬಾಸೆಲ್‌ಗೆ ಹೋಗಿ ಮಿಷನ್ನಿನ ಶಾಲೆಯಲ್ಲಿ ತರಬೇತಿ ಪಡೆದು, 1851ರಲ್ಲಿ ಅಭಿಷಿಕ್ತರಾಗಿ ಮರಳಿದರು; 1893ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನಲ್ಲಿಯೇ ದುಡಿದರು. ಕೊಡಗಿನ ಆನಂದಪುರದ ಇತಿಹಾಸದಲ್ಲಿ ಅವರ ಹೆಸರು ಬೆರೆತಿದೆ (ಅದು ನಮ್ಮ ಸಾಗರ ತಾಲ್ಲೂಕಿನ ಆನಂದಪುರವಲ್ಲ). ಅವರು ಮನೆಯವರ ಒಪ್ಪಿಗೆಗೆ ಕಾದಿದ್ದರೆ ಆ ಒಪ್ಪಿಗೆ ಎಂದಾದರೂ ಬರುತ್ತಿತ್ತೇ? ಬರುತ್ತಿತ್ತೆಂದು ನನಗೆ ತೋರುವುದಿಲ್ಲ. ಅವರ ಬಂಧುಗಳು ಅನುಭವಿಸಿದ ದುಃಖವನ್ನು ನಾವು ಸಭೆಯ ಚರಿತ್ರೆ ಬರೆಯುವಾಗ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತೇವೆಂಬುದೂ ಅಷ್ಟೇ ನಿಜ. ಆ ದುಃಖ ಪಟ್ಟವರೂ ದೇವರ ಮಕ್ಕಳೇ. ಅಲ್ಲಿ ತೆತ್ತ ಬೆಲೆ ಮನಸ್ಸಾಕ್ಷಿಯ ನಂಬಿಕೆಗಾಗಿತ್ತು. ನಂಬಿಕೆಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಯುವಕನು ಆರಿಸುತ್ತಿರುವುದು ಉದ್ಯೋಗವನ್ನು ಎಂಬ ವ್ಯತ್ಯಾಸವನ್ನೂ ಗಮನಿಸಬೇಕು. ಒಂದು ವರ್ಷ ಕಾದರೆ ಅವನ ನಂಬಿಕೆಗೆ ಭಂಗ ಬರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಕಷ್ಟವೆಂದು ತೋರುವ ಮಾತಿಗೆ ಬರುತ್ತೇನೆ. ತರಬೇತಿ ಮುಗಿಸಿ ಅವನು ಯಾರ ಬಳಿಗೆ ಹೋಗುತ್ತಾನೆ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ 1967ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ತೀರ್ಥಹಳ್ಳಿ ಸೀಮೆಯ ಜೀವನ ಅದರಲ್ಲಿದೆ. ಪಾದ್ರಿಯೂ ಉಪದೇಶಿಯೂ ಅಲ್ಲಿ ಪಾತ್ರಗಳು. ಬೆಟ್ಟಳ್ಳಿಯ ಗೌಡರ ಮಗ ದೇವಯ್ಯನು ಅವರ ಕಡೆಗೆ ಒಲಿಯುತ್ತಾನೆ. ಹೊಸದಾಗಿ ಬಂದ ಬೈಸಿಕಲ್ಲಿನ ಹೆಸರನ್ನು ಹಳ್ಳಿಯ ಬಾಯಿ ಬೀಸೆಕಲ್ಲು ಎಂದು ತಿರುಚಿಕೊಳ್ಳುವುದನ್ನು ಓದಿ ನಗದವರಿಲ್ಲ. ನಮ್ಮವರಲ್ಲಿ ಕೆಲವರಿಗೆ ಆ ಭಾಗಗಳಿಂದ ನೋವಾಗುತ್ತದೆ, ಮಿಷನ್ನಿನವರನ್ನು ಹಾಸ್ಯಮಾಡಿದ್ದಾರೆಂದು. ನೋವನ್ನು ಪಕ್ಕಕ್ಕಿಟ್ಟು ಓದಬೇಕೆಂದು ನಾನು ಬೇಡುತ್ತೇನೆ. ಸುವಾರ್ತೆಯ ಜೊತೆಗೆ ಬಂದ ಶಾಲೆ, ಹೊಸ ವಾಹನ, ಹೊಸ ವೇಷ, ದೊರೆಗಳ ಬಣ್ಣ ಇವೆಲ್ಲವೂ ಕೇಳುವವನ ಮನಸ್ಸಿನಲ್ಲಿ ಒಂದಾಗಿ ಕಲೆತುಹೋಗಿದ್ದವು. ದೇವಯ್ಯನನ್ನು ಎಳೆದದ್ದು ಯಾವುದು? ಅದನ್ನು ಬಿಡಿಸಿ ಹೇಳುವುದು ಅವನಿಗೇ ಕಷ್ಟವಾಗಿದ್ದೀತು. ಅವನನ್ನು ತಡೆಯಲು ಓಡಾಡಿದ ಬಂಧುಗಳಿಗೂ ತಾವು ಕಾಪಾಡುತ್ತಿರುವುದು ಧರ್ಮವನ್ನೋ ಮನೆತನದ ಮಾನವನ್ನೋ ಎಂಬುದು ತಿಳಿದಿರಲಾರದು.

ನಮ್ಮ ಯುವಕನ ಕೈಯಲ್ಲಿ ಆ ಬೈಸಿಕಲ್ಲಿಲ್ಲ. ಊರಿನವರ ಮನೆಗಳಲ್ಲಿ ಈಗ ಕಾರುಗಳಿವೆ. ಅವನು ಊರಿಗೆ ಬಡವನಾಗಿಯೇ ಹಿಂದಿರುಗುತ್ತಾನೆ. ಆದರೆ ಅವನಿಗೆ ಸಂಬಳ ಕೊಡುವ ಸಂಸ್ಥೆಯು ತಿಂಗಳ ವರದಿಯೊಂದನ್ನು ಕೇಳಬಹುದು. ಎಷ್ಟು ಮನೆಗಳನ್ನು ಸಂದರ್ಶಿಸಿದೆ, ಎಷ್ಟು ಮಂದಿ ಆಸಕ್ತರಾದರು ಎಂದು. ಭೂಮಿ ಹುಣ್ಣಿಮೆಯಂದು ಅವನಿಗೆ ಕಡುಬು ಕೊಟ್ಟ ಪಕ್ಕದ ಮನೆಯ ಅಮ್ಮ, ಅವನ ತಂದೆ ಮರದಿಂದ ಬಿದ್ದಾಗ ತಮ್ಮ ಜೀಪಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದೊಯ್ದ ತೋಟದ ಯಜಮಾನರು, ಹೊಳೆಯಲ್ಲಿ ಈಜು ಕಲಿಸಿದ ಗೆಳೆಯ, ಇವರೆಲ್ಲರೂ ಆ ವರದಿಯ ಅಂಕಣದಲ್ಲಿ ಒಂದೊಂದು ಅಂಕೆಯಾಗುತ್ತಾರೆ. ಅವರಿಗೆ ಅದು ತಿಳಿದ ದಿನ ಏನಾಗುತ್ತದೆ? ಅವನು ಕ್ಷೇಮ ವಿಚಾರಿಸಲು ಬಂದರೂ ಅದರ ಹಿಂದೆ ಬೇರೇನೋ ಇದೆಯೆಂದು ಅನಿಸತೊಡಗುತ್ತದೆ. ಮಲೆನಾಡಿನ ಒಂಟಿ ಮನೆಗಳು ನೆರೆಯವರ ವಿಶ್ವಾಸದಿಂದಲೇ ಮಳೆಗಾಲ ಕಳೆಯುವಂಥವು. ಒಮ್ಮೆ ಕೆಟ್ಟ ವಿಶ್ವಾಸವನ್ನು ಸರಿಪಡಿಸಲು ಅವನ ತಂದೆತಾಯಿಗಳಿಗೆ ಆಯುಷ್ಯ ಸಾಲದು.

ಕಾನೂನಿನ ಮಾತನ್ನೂ ತಿಳಿದಿರಬೇಕು. ಸಂವಿಧಾನದ 25ನೆಯ ಅನುಚ್ಛೇದವು ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರಮಾಡುವ ಹಕ್ಕನ್ನು ಕೊಟ್ಟಿದೆ. ಆದರೆ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅಡಗಿಲ್ಲವೆಂದು ರೆವರೆಂಡ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಕರ್ನಾಟಕದಲ್ಲಿ 2022ರಲ್ಲಿ ಮತಾಂತರಕ್ಕೆ ಸಂಬಂಧಿಸಿದ ಕಾಯಿದೆಯೊಂದು ಬಂದಿತು. ಅದನ್ನು ಹಿಂತೆಗೆಯಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸರ್ಕಾರಗಳು ಬದಲಾದಂತೆ ಕಾಯಿದೆಗಳು ಬಂದಾವು, ಹೋದಾವು. ನನ್ನ ಚಿಂತೆ ಅದಕ್ಕಿಂತ ಹಿಂದಿನದು. ಕಾನೂನು ಏನೂ ಹೇಳದಿದ್ದರೂ, ಕೇಳುವವನು ಬೇಡವೆಂದು ಹೇಳಲು ನಿಜವಾಗಿ ಸ್ವತಂತ್ರನಾಗಿರಬೇಕು. ಕಾಯಿಲೆಯವನ ಹಾಸಿಗೆಯ ಬಳಿ, ಸಾಲಗಾರನ ಜಗಲಿಯಲ್ಲಿ ಆ ಸ್ವಾತಂತ್ರ್ಯ ಬಹಳ ತೆಳುವಾಗಿರುತ್ತದೆ. ಬೇಡವೆಂದವನನ್ನು ಮರುದಿನವೂ ಅದೇ ಪ್ರೀತಿಯಿಂದ ಕಾಣಬಲ್ಲೆನೇ? ಮೂವತ್ತು ವರ್ಷ ಊರಿನಲ್ಲಿದ್ದು ಒಬ್ಬನೂ ಸಭೆಗೆ ಸೇರದಿದ್ದರೂ ನನ್ನ ಬಾಳು ವ್ಯರ್ಥವಾಯಿತೆಂದು ಭಾವಿಸದಿರಬಲ್ಲೆನೇ? ಈ ಎರಡು ಪ್ರಶ್ನೆಗಳಿಗೆ ನಮ್ಮ ಯುವಕನು ಪ್ರಾಮಾಣಿಕವಾಗಿ ಹೌದೆನ್ನಲಾರದಿದ್ದರೆ ಅವನು ಬೈಬಲ್ ಶಾಲೆಯ ಅರ್ಜಿಯನ್ನು ಸದ್ಯಕ್ಕೆ ಮಡಿಸಿಡುವುದು ಲೇಸೆಂದು ನನ್ನ ಅಭಿಪ್ರಾಯ. ಸಾಕ್ಷಿ ಹೇಳುವುದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ತನ್ನ ನಿರೀಕ್ಷೆಯ ಕಾರಣವನ್ನು ಯಾರಾದರೂ ಕೇಳಿದರೆ ಹೇಳಲು ಅವನು ಅಡಿಕೆ ಸುಲಿಯುವ ಚಪ್ಪರದಲ್ಲಿಯೂ ಸಿದ್ಧನಾಗಿರಬಹುದು.

ಹೌದೆಂದರೆ? ಆಗ ತರಬೇತಿ ಎಂಥದಿರಬೇಕೆಂಬ ಮಾತು ಬರುತ್ತದೆ. ಕೆಲವು ತಿಂಗಳುಗಳಲ್ಲಿ ಸುವಾರ್ತಿಕರನ್ನು ತಯಾರಿಸಿ ಪ್ರಮಾಣಪತ್ರ ಕೊಟ್ಟು ಕಳುಹಿಸುವ ಅವಸರ ನನಗೆ ಹಿಡಿಸುವುದಿಲ್ಲ. ಬಾಸೆಲ್ ಮಿಷನ್ನಿನ ಮೊದಲ ಪ್ರೇಷಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷ ಕಳೆದು ಬಂದ ಮೋಗ್ಲಿಂಗರು ಕನ್ನಡವನ್ನು ಎಷ್ಟು ಆಳವಾಗಿ ಕಲಿತರೆಂದರೆ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ದಾಸರ ಪದಗಳನ್ನೂ ವೀರಶೈವ ಪುರಾಣಗಳನ್ನೂ ಅಚ್ಚುಹಾಕಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ತರಬೇತಿ ಪಡೆದದ್ದು ಸುವಾರ್ತಿಕನಾಗಲೆಂದು. ಆದರೆ ನಾಡು ಅವರನ್ನು ನೆನೆಯುವುದು 1894ರಲ್ಲಿ ಪ್ರಕಟವಾದ ನಿಘಂಟಿಗಾಗಿ. ತಾವು ಯಾವುದಕ್ಕಾಗಿ ಸಿದ್ಧರಾದೆವೋ ಅದರಲ್ಲಿ ದೇವರು ತಮ್ಮನ್ನು ಬಳಸಿದನೋ, ಬೇರೊಂದರಲ್ಲಿಯೋ ಎಂದು ಅವರು ಕೊನೆಗಾಲದಲ್ಲಿ ಯೋಚಿಸಿದ್ದರೆ ಆಶ್ಚರ್ಯವಿಲ್ಲ. ನೆರೆಯವನ ಭಾಷೆಯನ್ನು, ಅವನು ಪೂಜಿಸುವ ದೇವರುಗಳ ಕಥೆಯನ್ನು, ಅವನ ಕವಿಗಳನ್ನು ಅವರು ಓದಿದರು. ಕುಪ್ಪಳ್ಳಿಯ ಪಕ್ಕದಲ್ಲಿ ಹುಟ್ಟಿದವನು ಕವಿಮನೆಯ ಒಳಗೆ ಕಾಲಿಡದೆ, ಕುವೆಂಪು ಅವರ ಒಂದು ಪುಸ್ತಕವನ್ನೂ ತೆರೆಯದೆ, ಹೊರನಾಡಿನ ಬೋಧಕರ ಧ್ವನಿಯನ್ನೂ ಕೈಬೀಸುವ ರೀತಿಯನ್ನೂ ಮಾತ್ರ ಕಲಿತು ಊರಿಗೆ ಬಂದರೆ ಅವನ ಮಾತನ್ನು ಯಾರು ಕೇಳಿಯಾರು? ಮಂಗಳೂರಿನ ಬಲ್ಮಠದಲ್ಲಿ 1965ರಿಂದ ನಡೆದುಬಂದಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೇ ಮಣ್ಣಿನದು. ಅಂಥ ಕಡೆ ನಿಧಾನವಾಗಿ ಓದುವ ತಾಳ್ಮೆಯಿಲ್ಲದವನು ಮುಂದೆ ಹಳ್ಳಿಯಲ್ಲಿ ನಿಧಾನವಾಗಿ ಬದುಕುವ ತಾಳ್ಮೆಯನ್ನು ಎಲ್ಲಿಂದ ತಂದಾನು? ಯುವತಿಯರಿಗೂ ಇದೇ ಮಾತು ಸಲ್ಲುತ್ತದೆ. ದಕ್ಷಿಣ ಇಂಡಿಯಾ ಸಭೆಯು 2013ರಲ್ಲಿ ಮಹಿಳೆಯೊಬ್ಬರನ್ನು ನಂದ್ಯಾಲದ ಬಿಷಪರನ್ನಾಗಿ ಅಭಿಷೇಕಿಸಿದ ಮೇಲೂ, ಹುಡುಗಿ ಸೇವೆಗೆ ಹೊರಟರೆ ಮದುವೆಯ ಚಿಂತೆಯನ್ನೇ ಮುಂದಿಡುವ ಹಿರಿಯರು ನಮ್ಮಲ್ಲಿದ್ದಾರೆ.

ಶಿಫಾರಸು ಪತ್ರವನ್ನು ಬರೆಯುವವರ ಹೊಣೆಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾರೆ. ಕರೆಯನ್ನು ಗುರುತಿಸಲು ಸಮುವೇಲನಿಗೆ ಏಲಿ ಬೇಕಾಯಿತೆಂದು ಆಗಲೇ ಹೇಳಿದೆನಷ್ಟೆ. ಏಲಿಯು ಮೊದಲ ಸಲವೇ ಅದು ದೇವರ ಧ್ವನಿಯೆನ್ನಲಿಲ್ಲ. ಎರಡು ಸಲ ಹೋಗಿ ಮಲಗಿಕೋ ಎಂದು ಕಳುಹಿಸಿದನು. ನಮ್ಮ ಸಭಾಪಾಲಕರೂ ಹಾಗೆ ಹೇಳಬಹುದು. ಬಿ.ಎಡ್. ಮುಗಿಸಿ ಬಾ ಎನ್ನಬಹುದು. ಅಥವಾ ಒಂದು ವರ್ಷ ಸಭೆಯ ಭಾನುವಾರದ ಶಾಲೆಯನ್ನು ನೋಡಿಕೋ, ರೋಗಿಗಳ ಮನೆಗೆ ನನ್ನೊಡನೆ ಬಾ, ಆಮೇಲೆ ಇಬ್ಬರೂ ಕೂತು ಮಾತನಾಡೋಣ ಎನ್ನಬಹುದು. ಬೇರೆಲ್ಲೂ ಸೀಟು ಸಿಗದವನಿಗೆ ಕನಿಕರದಿಂದ ಪತ್ರ ಬರೆದುಕೊಡುವುದು ಅವನಿಗೂ ಉಪಕಾರವಲ್ಲ, ಅವನು ಮುಂದೆ ಪಾಲಿಸಬೇಕಾದ ಮಂದೆಗೂ ಉಪಕಾರವಲ್ಲ.

ಯುವಕನು ಕೊನೆಗೆ ಶಿಕ್ಷಕನ ಕೆಲಸವನ್ನೇ ಆರಿಸಿಕೊಂಡನೆಂದು ಇಟ್ಟುಕೊಳ್ಳಿರಿ. ಆಗ ಹರಕೆ ಹೊತ್ತ ತಾಯಿಯ ಬಳಿಗೆ ಯಾರಾದರೂ ಹೋಗಬೇಕಾಗುತ್ತದೆ. ಮಗನನ್ನು ಒಬ್ಬನನ್ನೇ ಕಳುಹಿಸಬಾರದು. ಸಭಾಪಾಲಕರೇ ಹೋಗಿ ಜಗಲಿಯಲ್ಲಿ ಕುಳಿತು, ಹನ್ನಳ ಕಥೆಯನ್ನು ಪೂರ್ತಿಯಾಗಿ ಓದಿ ಹೇಳಲಿ. ಅವಳು ವರ್ಷ ವರ್ಷವೂ ಚಿಕ್ಕದೊಂದು ಮೇಲಂಗಿಯನ್ನು ತನ್ನ ಕೈಯಿಂದಲೇ ಹೊಲಿದು ಶಿಲೋವಿಗೆ ಒಯ್ಯುತ್ತಿದ್ದಳು. ಹರಕೆಯನ್ನು ಅವಳು ತಾನೇ ತೀರಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಮಗನಿಗಾಗಿ ಪ್ರಾರ್ಥಿಸಿದ ಈ ತಾಯಿಯೂ ತನ್ನ ಪಾಲಿನದನ್ನು ಎಂದೋ ಸಲ್ಲಿಸಿದ್ದಾರೆಂದು ಅಯ್ಯನವರು ಹೇಳಿ, ಅವರೊಡನೆ ಒಂದು ಲೋಟ ಕಾಫಿ ಕುಡಿದು ಬರಲಿ.